ರೆಫರಿ ಹೇಳಿದ್ದು ಯಾರಿಗೆ ಕೇಳಿಸಿತು?

ಓದುಗರ ಪ್ರಶ್ನೆಗಳಿಗೆ ಉತ್ತರ

ಎರಡು ಸಂಚಿಕೆ ಹಿಂದೆ ಇದೇ ಅಂಕಣದಲ್ಲಿ 2023ರ ರಗ್ಬಿ ವಿಶ್ವಕಪ್ ಫೈನಲ್ ಬಗ್ಗೆ ಒಂದು ಮಾತು ಬರೆದಿದ್ದೆ. ಅಲ್ಲಿ ಕೊಟ್ಟ ತೀರ್ಪುಗಳಲ್ಲಿ ಹೆಚ್ಚಿನವು ಸರಿಯಾಗಿಯೇ ಇದ್ದವು, ಆದರೆ ಅವು ಜನಕ್ಕೆ ಸರಿಯಾಗಿ ತಲುಪಲಿಲ್ಲ ಅಂತ. ಆ ಒಂದು ಮಾತಿಗೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕೆಲವರು ಒಪ್ಪಿದ್ದಾರೆ, ಜಾಸ್ತಿ ಜನ ಜಗಳಕ್ಕೇ ಬಂದಿದ್ದಾರೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ.

ಪಂದ್ಯ ನೋಡದವರಿಗಾಗಿ ಮೊದಲು ಸ್ವಲ್ಪ ಹಿನ್ನೆಲೆ. 2023ರ ಅಕ್ಟೋಬರ್ 28, ಪ್ಯಾರಿಸ್ ಪಕ್ಕದ ಸ್ತಾದ್ ದ ಫ್ರಾನ್ಸ್ ಮೈದಾನ. ದಕ್ಷಿಣ ಆಫ್ರಿಕಾ 12, ನ್ಯೂಜಿಲೆಂಡ್ 11. ದಕ್ಷಿಣ ಆಫ್ರಿಕಾದ ಅಷ್ಟೂ ಅಂಕ ಹ್ಯಾಂಡ್ರೆ ಪೊಲಾರ್ಡ್ ಹೊಡೆದ ನಾಲ್ಕು ಪೆನಾಲ್ಟಿಗಳಿಂದ (ಎದುರಾಳಿ ತಪ್ಪಿಗೆ ಸಿಗುವ ಒದೆತ, ಗೋಲಿಗೆ ಹೋದರೆ ಮೂರು ಅಂಕ) ಬಂದವು, ಅದೂ ಮೊದಲಾರ್ಧದಲ್ಲೇ. ನ್ಯೂಜಿಲೆಂಡ್‌ಗೆ ರಿಚಿ ಮೊವುಂಗಾ ಅವರ ಎರಡು ಪೆನಾಲ್ಟಿ, ಬ್ಯೂಡನ್ ಬ್ಯಾರೆಟ್ ಅವರ ಒಂದು ಟ್ರೈ, ಅಂದರೆ ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು. ನ್ಯೂಜಿಲೆಂಡ್ ಕ್ಯಾಪ್ಟನ್ ಸ್ಯಾಮ್ ಕೇನ್‌ಗೆ ರೆಡ್ ಕಾರ್ಡ್, ಅಂದರೆ ಪಂದ್ಯದಿಂದಲೇ ಹೊರಗೆ. ನ್ಯೂಜಿಲೆಂಡ್‌ನ ಶ್ಯಾನನ್ ಫ್ರಿಝೆಲ್, ದಕ್ಷಿಣ ಆಫ್ರಿಕಾದ ಕ್ಯಾಪ್ಟನ್ ಸಿಯಾ ಕೊಲಿಸಿ ಮತ್ತು ಚೆಸ್ಲಿನ್ ಕೋಲ್ಬೆ ಮೂವರಿಗೆ ಯೆಲ್ಲೋ, ಅಂದರೆ ಹತ್ತು ನಿಮಿಷ ಹೊರಗೆ. ರೆಫರಿ ಇಂಗ್ಲೆಂಡಿನ ವೇಯ್ನ್ ಬಾರ್ನ್ಸ್. ಟಿವಿ ಮುಂದೆ ಕೂತು ಮರುದೃಶ್ಯ ನೋಡುವ ಟಿಎಂಓ ಟಾಮ್ ಫೋಲಿ. ಕ್ರಿಕೆಟ್‌ನ ಮೂರನೇ ಅಂಪೈರ್ ಇದ್ದ ಹಾಗೆ ಅಂದುಕೊಳ್ಳಿ.

ಪ್ರಶ್ನೆ: ಕೇನ್ ಮಾಡಿದ್ದೂ ತಲೆಗೆ ತಗುಲಿದ ಟ್ಯಾಕಲ್, ಕೊಲಿಸಿ ಮಾಡಿದ್ದೂ ತಲೆಗೆ ತಗುಲಿದ ಟ್ಯಾಕಲ್. ಒಬ್ಬರಿಗೆ ರೆಡ್, ಇನ್ನೊಬ್ಬರಿಗೆ ಬರೀ ಯೆಲ್ಲೋ. ಇದು ಅನ್ಯಾಯ ಅಲ್ವಾ? ನೀವು ಹೇಗೆ ಸರಿ ಅಂತೀರಿ?

ಅತಿ ಹೆಚ್ಚು ಪತ್ರ ಬಂದಿರುವುದು ಇದಕ್ಕೇ. ಬರುವುದು ಸಹಜವೂ ಹೌದು, ಯಾಕೆಂದರೆ ಟಿವಿಯಲ್ಲಿ ಎರಡೂ ಒಂದೇ ತರ ಕಾಣುತ್ತವೆ.

ಟ್ಯಾಕಲ್ ಅಂದರೆ ಚೆಂಡು ಹಿಡಿದು ಓಡುವವರನ್ನು ತಡೆದು ಕೆಡವುವುದು. ಅದರಲ್ಲಿ ತಲೆಗೆ ಪೆಟ್ಟು ಬಿದ್ದಾಗ ರೆಫರಿಗಳು ಒಂದು ಕ್ರಮದಲ್ಲಿ ಯೋಚನೆ ಮಾಡುತ್ತಾರೆ. ತಲೆಗೆ ನಿಜವಾಗಿ ತಗುಲಿತಾ? ತಗುಲಿದ್ದರೆ ಟ್ಯಾಕಲ್ ಮಾಡಿದವರ ತಪ್ಪು ಇದೆಯಾ? ಇದ್ದರೆ ಅಪಾಯ ಎಷ್ಟು, ಜಾಸ್ತಿಯಾ ಕಡಿಮೆಯಾ? ಕೊನೆಗೆ, ರಿಯಾಯ್ತಿ ಕೊಡಲು ಏನಾದರೂ ಕಾರಣ ಇದೆಯಾ? ಉದಾಹರಣೆಗೆ ಚೆಂಡು ಹಿಡಿದವರು ಕೊನೇ ಗಳಿಗೆಯಲ್ಲಿ ದಿಢೀರನೆ ಬಗ್ಗಿದರೆ ಟ್ಯಾಕಲ್ ಮಾಡುವವರು ಏನು ತಾನೆ ಮಾಡಿಯಾರು. ಅಪಾಯ ಜಾಸ್ತಿ, ರಿಯಾಯ್ತಿಗೆ ಕಾರಣವೂ ಇಲ್ಲ ಅಂದರೆ ಅದು ರೆಡ್. ಅಪಾಯ ಕಡಿಮೆ ಅನಿಸಿದರೆ, ಅಥವಾ ಕಾರಣ ಇದ್ದರೆ, ಯೆಲ್ಲೋ.

ಕೇನ್ ಟ್ಯಾಕಲ್‌ಗೆ ಹೋದಾಗ ಹೆಚ್ಚು ಕಡಿಮೆ ನೆಟ್ಟಗೆ ನಿಂತೇ ಇದ್ದರು. ಭುಜ ನೇರ ದಕ್ಷಿಣ ಆಫ್ರಿಕಾದ ಜೆಸ್ಸಿ ಕ್ರಿಯೆಲ್ ಅವರ ತಲೆಗೆ ಹೋಯಿತು. ಎರಡನೇ ಅರ್ಧ ಶುರುವಾಗಿ ಐದೇ ನಿಮಿಷಕ್ಕೆ ಕೊಲಿಸಿ ನ್ಯೂಜಿಲೆಂಡ್‌ನ ಆರ್ಡಿ ಸವೇಯಾ ಅವರನ್ನು ಹಿಡಿಯಲು ಹೋದಾಗ ಸ್ವಲ್ಪ ಬಗ್ಗಿದ್ದರು, ಪೆಟ್ಟಿನ ರಭಸವೂ ಅಷ್ಟಿರಲಿಲ್ಲ. ನಾನು ಎಷ್ಟೋ ಸಲ ನೋಡಿದೆ, ಪ್ರತಿ ಸಲ ಹೀಗೇ ಕಂಡಿತು. ಒಪ್ಪದವರು ಇದ್ದಾರೆ, ಅವರ ವಾದದಲ್ಲೂ ಹುರುಳಿದೆ. ಕ್ರಿಯೆಲ್ ಕೂಡ ಓಡುತ್ತಾ ದಿಕ್ಕು ಬದಲಿಸಿದರಲ್ಲ, ಅದನ್ನು ಯಾಕೆ ಲೆಕ್ಕಕ್ಕೆ ಹಿಡಿಯಲಿಲ್ಲ ಅಂತ ಕೇಳಿದರೆ ಅದು ಕೇಳಬೇಕಾದ ಪ್ರಶ್ನೆಯೇ.

ಆದರೆ ನಮಗೆ ಆ ಲೆಕ್ಕಾಚಾರ ಕೇಳಿಸಲೇ ಇಲ್ಲ, ನನ್ನ ತಕರಾರು ಇರುವುದು ಅಲ್ಲಿ. 2023ರಲ್ಲಿ ಬಂಕರ್ ಅನ್ನೋ ಪದ್ಧತಿ ಹೊಸದಾಗಿ ಬಂದಿತ್ತು. ತಕ್ಷಣಕ್ಕೆ ರೆಡ್ ಹೌದೋ ಅಲ್ಲವೋ ಗೊತ್ತಾಗದಿದ್ದರೆ ರೆಫರಿ ಯೆಲ್ಲೋ ತೋರಿಸಿ, ಎರಡೂ ಕೈ ಎದೆ ಮುಂದೆ ಅಡ್ಡ ಹಿಡಿದು ಸನ್ನೆ ಮಾಡುತ್ತಾರೆ. ಆಟ ಮುಂದುವರಿಯುತ್ತದೆ. ಬೇರೆ ಕಡೆ ಕೋಣೆಯಲ್ಲಿ ಕೂತ ಇನ್ನೊಬ್ಬ ಅಧಿಕಾರಿ ಎಂಟು ನಿಮಿಷದೊಳಗೆ ಎಲ್ಲ ಕೋನದಿಂದ ನೋಡಿ ಯೆಲ್ಲೋ ಹಾಗೇ ಇರಲಿ ಅಂತಲೋ ರೆಡ್ ಮಾಡಿ ಅಂತಲೋ ರೆಫರಿಗೆ ಹೇಳುತ್ತಾರೆ. ಆಟ ನಿಂತು ನಿಂತು ಬೇಸರ ಆಗುವುದು ತಪ್ಪಿತು, ನಿಜ. ತೀರ್ಪು ನಿಧಾನವಾಗಿ ಯೋಚನೆ ಮಾಡಿ ಬರುತ್ತದೆ, ಅದೂ ಒಳ್ಳೆಯದೇ. ಆದರೆ ಮೊದಲು ರೆಫರಿ ಮತ್ತು ಟಿಎಂಓ ನಮ್ಮೆದುರೇ ಮಾತಾಡಿಕೊಂಡು ತಲೆಗೆ ತಗುಲಿದೆ, ಭುಜದಿಂದ ತಗುಲಿದೆ, ಬಗ್ಗಿಲ್ಲ, ಆದ್ದರಿಂದ ರೆಡ್ ಅಂತ ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು. ಆ ಮಾತು ಈಗ ಮುಚ್ಚಿದ ಬಾಗಿಲ ಹಿಂದೆ ಹೋಯಿತು. ಕೇನ್ ಅಂಚಿನಲ್ಲಿ ಕುರ್ಚಿ ಮೇಲೆ ಕೂತು ಕಾಯುತ್ತಿದ್ದರು, ಅಲ್ಲೇ ಅವರ ಯೆಲ್ಲೋ ರೆಡ್ ಆಯಿತು. ಒಂದು ತಂಡದ ಕ್ಯಾಪ್ಟನ್ ವಿಶ್ವಕಪ್ ಫೈನಲ್‌ನಿಂದ ಹೊರಗೆ ಹೋಗುವ ತೀರ್ಪು, ಅದರ ಹಿಂದಿನ ವಿಚಾರ ಪೂರ್ತಿ ಕೇಳಿಸಬೇಕಿತ್ತು. ಎರಡು ಟ್ಯಾಕಲ್‌ಗೂ ಇರುವ ವ್ಯತ್ಯಾಸವನ್ನು ಆವತ್ತೇ ಅರ್ಧ ನಿಮಿಷ ಬಿಡಿಸಿ ಹೇಳಿದ್ದರೆ ನನಗೆ ಈ ಪತ್ರಗಳಲ್ಲಿ ಅರ್ಧ ಬರುತ್ತಿರಲಿಲ್ಲ.

ಪ್ರಶ್ನೆ: ಕೇನ್ ವಿಶ್ವಕಪ್ ಫೈನಲ್‌ನಲ್ಲಿ ರೆಡ್ ಪಡೆದ ಮೊದಲ ಆಟಗಾರ ಅಂತ ಬರೆದಿದ್ದೀರಿ. ಅದು ತಪ್ಪು.

ಹೌದು, ತಪ್ಪು. ಪುರುಷರ ಫೈನಲ್‌ನಲ್ಲಿ ಮೊದಲಿಗರು ಅಂತ ಬರೆಯಬೇಕಿತ್ತು. ಅದಕ್ಕೂ ಒಂದು ವರ್ಷ ಮೊದಲೇ, 2022ರ ನವೆಂಬರ್‌ನಲ್ಲಿ ಆಕ್ಲೆಂಡ್‌ನ ಈಡನ್ ಪಾರ್ಕ್‌ನಲ್ಲಿ ನಡೆದ ಮಹಿಳೆಯರ ಫೈನಲ್‌ನಲ್ಲಿ ಇಂಗ್ಲೆಂಡಿನ ಲಿಡಿಯಾ ಥಾಮ್ಸನ್ 18ನೇ ನಿಮಿಷದಲ್ಲೇ ರೆಡ್ ಕಾರ್ಡ್ ಪಡೆದು ಹೊರಗೆ ಹೋದರು. ಇಂಗ್ಲೆಂಡ್ ಉಳಿದಷ್ಟೂ ಹೊತ್ತು 14 ಜನರಲ್ಲಿ ಆಡಿ 34-31ರಲ್ಲಿ ನ್ಯೂಜಿಲೆಂಡ್‌ಗೆ ಸೋತಿತು. ರೆಫರಿ ಸ್ಕಾಟ್ಲೆಂಡಿನ ಹಾಲಿ ಡೇವಿಡ್‌ಸನ್. ಆಗ ಬಂಕರ್ ಇರಲಿಲ್ಲ, ಹಾಗಾಗಿ ರೆಡ್ ಅನ್ನೋದು ಮೈದಾನದಲ್ಲೇ, ಆಟಗಾರ್ತಿಯ ಮುಖ ನೋಡಿಕೊಂಡೇ ತೀರ್ಮಾನವಾಯಿತು. ಎರಡು ಫೈನಲ್‌ಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ, ನಾನು ಮೇಲೆ ಹೇಳಿದ್ದು ಇನ್ನೂ ಚೆನ್ನಾಗಿ ಅರ್ಥ ಆಗುತ್ತದೆ. ತಿದ್ದಿದ್ದಕ್ಕೆ ಧನ್ಯವಾದ.

ಪ್ರಶ್ನೆ: ಸರ್, ನ್ಯೂಜಿಲೆಂಡ್‌ನ ಆರನ್ ಸ್ಮಿತ್ ಟ್ರೈ ರದ್ದಾಗಿದ್ದು ಸರಿಯೇ ತಾನೆ? ಅದಕ್ಕೂ ಮೊದಲು ಲೈನ್‌ಔಟ್‌ನಲ್ಲಿ (ಹೊರಗೆ ಹೋದ ಚೆಂಡನ್ನು ಮತ್ತೆ ಒಳಗೆ ಎಸೆಯುವಾಗ) ಸವೇಯಾ ಕೈಯಿಂದ ಚೆಂಡು ಮುಂದಕ್ಕೆ ಜಾರಿದ್ದು ಎಲ್ಲರಿಗೂ ಕಂಡಿತು. ನಾಕ್-ಆನ್ ಅಂದರೆ ನಾಕ್-ಆನ್. ಮತ್ತೆ ಯಾಕೆ ಗಲಾಟೆ?

ನಾಕ್-ಆನ್, ಅಂದರೆ ಚೆಂಡು ಕೈಯಿಂದ ಮುಂದಕ್ಕೆ ಬೀಳುವ ತಪ್ಪು, ಆಗಿದ್ದು ನಿಜ. ಅದನ್ನು ಹೇಳುವ ಅಧಿಕಾರ ಆ ಹೊತ್ತಿಗೆ ಟಿಎಂಓಗೆ ಇತ್ತಾ ಅನ್ನೋದು ಬೇರೆ ಪ್ರಶ್ನೆ. ಗಲಾಟೆ ಪೂರ್ತಿ ಇರುವುದು ಎರಡನೆಯದರಲ್ಲಿ.

ರಗ್ಬಿಯಲ್ಲಿ ಒಬ್ಬರನ್ನು ಕೆಡವಿ, ಚೆಂಡು ಮತ್ತೆ ಬಿಡಿಸಿಕೊಂಡು ಆಡುವ ಒಂದೊಂದು ಸುತ್ತಿಗೆ ಫೇಸ್ ಅನ್ನುತ್ತಾರೆ. ಆಗಿನ ನಿಯಮದ ಪ್ರಕಾರ ಟ್ರೈ ಆದ ಮೇಲೆ ಟಿಎಂಓ ಇಂತಹ ತಪ್ಪು ಹುಡುಕಲು ಎರಡು ಸುತ್ತು ಹಿಂದಕ್ಕೆ ಮಾತ್ರ ಹೋಗಬಹುದಿತ್ತು. ಅಪಾಯಕಾರಿ ಆಟ ಆಗಿದ್ದರೆ ಬೇರೆ ಮಾತು, ಅದಕ್ಕೆ ಈ ಮಿತಿ ಇಲ್ಲ. ಸವೇಯಾ ಕೈಯಿಂದ ಚೆಂಡು ಜಾರಿದ್ದು ಎರಡು ಸುತ್ತಿಗಿಂತ ಹಿಂದೆ. ಅಂದರೆ ಆವತ್ತು ಸತ್ಯ ಹೊರಗೆ ಬಂತು, ಆದರೆ ನಿಯಮ ದಾಟಿ ಬಂತು.

ಸತ್ಯ ಗೊತ್ತಾಯಿತಲ್ಲ, ಸಾಕು ಅಂತ ಒಬ್ಬರು ಬರೆದಿದ್ದಾರೆ. ನನಗೆ ಸಾಕಾಗುವುದಿಲ್ಲ. ಆ ಮಿತಿ ಇಟ್ಟಿರುವುದೇ ಯಾಕೆ ಅಂದರೆ, ಹಿಂದಕ್ಕೆ ಹೋಗುತ್ತಾ ಹೋದರೆ ರಗ್ಬಿಯಲ್ಲಿ ಪ್ರತಿ ಟ್ರೈಗೂ ಒಂದಲ್ಲ ಒಂದು ಕಾರಣ ಸಿಗುತ್ತದೆ ರದ್ದು ಮಾಡಲು. 30 ಜನ ಒಬ್ಬರ ಮೇಲೊಬ್ಬರು ಬೀಳುವ ಆಟ ಇದು. ಎಲ್ಲಿ ನಿಲ್ಲಿಸಬೇಕು ಅಂತ ಒಂದು ಗೆರೆ ಬೇಕು, ಮತ್ತು ಆ ಗೆರೆ ಲೀಗ್ ಪಂದ್ಯಕ್ಕೂ ಒಂದೇ ಫೈನಲ್‌ಗೂ ಒಂದೇ ಆಗಿರಬೇಕು. ಕ್ರಿಕೆಟ್ ನೋಡುವವರಿಗೆ ಇದು ಹೊಸದಲ್ಲ. ರಿವ್ಯೂ ಮುಗಿದು ಹೋಗಿದ್ದರೆ ಬ್ಯಾಟಿಗೆ ತಗುಲಿ ಬಂದ ಚೆಂಡಿಗೆ ಎಲ್‌ಬಿಡಬ್ಲ್ಯೂ ಕೊಟ್ಟರೂ ಹೊರಗೆ ನಡೆಯಲೇಬೇಕು. ದೊಡ್ಡ ಪರದೆಯಲ್ಲಿ ಎಲ್ಲರಿಗೂ ಕಾಣುತ್ತಿರುತ್ತದೆ, ಆದರೂ ಯಾರೂ ಏನೂ ಮಾಡುವ ಹಾಗಿಲ್ಲ.

ಈ ಕಥೆಗೆ ಇನ್ನೊಂದು ಮಗ್ಗುಲಿದೆ, ಅದನ್ನು ಹೇಳದೆ ಬಿಡಲು ಮನಸ್ಸಿಲ್ಲ. 2007ರ ಅಕ್ಟೋಬರ್‌ನಲ್ಲಿ ಕಾರ್ಡಿಫ್‌ನಲ್ಲಿ ಕ್ವಾರ್ಟರ್ ಫೈನಲ್, ಫ್ರಾನ್ಸ್ 20, ನ್ಯೂಜಿಲೆಂಡ್ 18. ರೆಫರಿ ಇದೇ ಬಾರ್ನ್ಸ್, ಆಗ ಅವರಿಗೆ 28 ವರ್ಷ. ಫ್ರಾನ್ಸ್ ಗೆಲ್ಲಲು ಕಾರಣವಾದ ಟ್ರೈಗೆ ಮೊದಲು ದಮಿಯೆನ್ ತ್ರಯ್ ಅವರಿಂದ ಫ್ರೆಡರಿಕ್ ಮಿಷಲಾಕ್ ಅವರಿಗೆ ಹೋದ ಪಾಸ್ ಮುಂದಕ್ಕೆ ಹೋಗಿತ್ತು. ರಗ್ಬಿಯಲ್ಲಿ ಕೈಯಿಂದ ಮುಂದಕ್ಕೆ ಪಾಸ್ ಮಾಡುವ ಹಾಗಿಲ್ಲ. ಟಿವಿ ನೋಡಿದವರಿಗೆಲ್ಲ ಕಂಡಿತು, ಬಾರ್ನ್ಸ್‌ಗೆ ಕಾಣಲಿಲ್ಲ. ಆಗ ಟಿಎಂಓ ನೋಡಬಹುದಾಗಿದ್ದು ಟ್ರೈ ಗೆರೆಯ ಆಸುಪಾಸು ನಡೆದದ್ದನ್ನು ಮಾತ್ರ. ಮುಂದಕ್ಕೆ ಹೋದ ಪಾಸ್ ಬಗ್ಗೆ ಬಾಯಿ ಬಿಡುವ ಹಾಗೇ ಇರಲಿಲ್ಲ. ನ್ಯೂಜಿಲೆಂಡ್‌ನ ಜನ ವರ್ಷಗಟ್ಟಲೆ ಬಾರ್ನ್ಸ್ ಹೆಸರು ಹೇಳಿ ಶಾಪ ಹಾಕಿದರು. 16 ವರ್ಷ ಆದ ಮೇಲೆ, ಅದೇ ತಂಡ, ಅದೇ ರೆಫರಿ. ಆಗ ಹೇಳಬೇಕಿದ್ದವರಿಗೆ ಹೇಳುವ ಅಧಿಕಾರ ಇರಲಿಲ್ಲ. ಈಗ ಅಧಿಕಾರ ಮುಗಿದ ಮೇಲೂ ಹೇಳಿದರು. ಎರಡು ಸಲವೂ ಪೆಟ್ಟು ಬಿದ್ದಿದ್ದು ನ್ಯೂಜಿಲೆಂಡ್‌ಗೆ. ಆ ದೇಶದವರ ಸಂಕಟ ನನಗೆ ಅರ್ಥ ಆಗುತ್ತದೆ.

ಪ್ರಶ್ನೆ: ಆ ಟ್ರೈ ಕೊಟ್ಟಿದ್ದರೆ ನ್ಯೂಜಿಲೆಂಡ್ ಗೆಲ್ಲುತ್ತಿತ್ತು ಅಂತ ಒಪ್ಪುತ್ತೀರಾ?

ಇಲ್ಲ. ಆಗ ಸ್ಕೋರ್ 12-6 ಇತ್ತು. ಟ್ರೈಗೆ ಐದು, ಅದರ ಮೇಲಿನ ಕನ್ವರ್ಷನ್ ಒದೆತ ಗೋಲಿಗೆ ಹೋದರೆ ಇನ್ನೆರಡು, ಹಾಗಾಗಿ 13-12 ಆಗಬಹುದಿತ್ತು ಅಷ್ಟೇ. ಅದಾಗಿ ಕೆಲವೇ ನಿಮಿಷಕ್ಕೆ ಬ್ಯೂಡನ್ ಬ್ಯಾರೆಟ್ ಟ್ರೈ ಹೊಡೆದರು. ಸ್ಮಿತ್ ಟ್ರೈ ಕೊಟ್ಟಿದ್ದರೆ ಆಟ ಮತ್ತೆ ಮಧ್ಯದ ಗೆರೆಯಿಂದ ಶುರುವಾಗಬೇಕು, ಬ್ಯಾರೆಟ್ ಟ್ರೈ ಬರುತ್ತಿತ್ತೋ ಇಲ್ಲವೋ ಯಾರಿಗೆ ಗೊತ್ತು. ಎರಡನ್ನೂ ಕೂಡಿಸಿ ಗೆದ್ದೇ ಬಿಡುತ್ತಿದ್ದರು ಅನ್ನುವುದು ಲೆಕ್ಕ ಅಲ್ಲ. ಜೊತೆಗೆ ಬ್ಯಾರೆಟ್ ಟ್ರೈ ಮೇಲಿನ ಕನ್ವರ್ಷನ್ ಮೊವುಂಗಾ ತಪ್ಪಿಸಿದರು, 73ನೇ ನಿಮಿಷದಲ್ಲಿ ಜೋರ್ಡಿ ಬ್ಯಾರೆಟ್ ದೂರದಿಂದ ಹೊಡೆದ ಪೆನಾಲ್ಟಿಯೂ ಗೋಲು ಕಂಬದ ಹೊರಗೆ ಹೋಯಿತು. ಅವು ಯಾವ ರೆಫರಿಯ ಕೈಯಲ್ಲೂ ಇರಲಿಲ್ಲ.

ಪ್ರಶ್ನೆ: ರೆಫರಿ, ಇಬ್ಬರು ಸಹಾಯಕ ರೆಫರಿಗಳು, ಟಿಎಂಓ, ನಾಲ್ಕೂ ಜನ ಇಂಗ್ಲೆಂಡಿನವರೇ. ಒಂದೇ ವಾರ ಮೊದಲು ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಸೋತಿದ್ದು ದಕ್ಷಿಣ ಆಫ್ರಿಕಾಕ್ಕೆ, ಅದೂ 16-15ರಲ್ಲಿ. ಇದು ಸರಿಯಾ?

ಹಾಗೆ ನೋಡಿದರೆ ಇಂಗ್ಲೆಂಡಿನವರಿಗೆ ದಕ್ಷಿಣ ಆಫ್ರಿಕಾ ಮೇಲೆ ಸಿಟ್ಟಿರಬೇಕಿತ್ತು, ಆದರೆ ಪತ್ರ ಬರೆದವರೆಲ್ಲ ದೂರುತ್ತಿರುವುದು ನ್ಯೂಜಿಲೆಂಡ್‌ಗೆ ಅನ್ಯಾಯ ಆಯಿತು ಅಂತ. ಪಕ್ಷಪಾತದ ಮಾತು ಇಲ್ಲೇ ಬಿದ್ದುಹೋಗುತ್ತದೆ. ಇಂಗ್ಲೆಂಡ್ ಫೈನಲ್‌ಗೆ ಬರದಿದ್ದರಿಂದಲೇ ಬಾರ್ನ್ಸ್‌ಗೆ ಅವಕಾಶ ಸಿಕ್ಕಿದ್ದು. ಐದು ವಿಶ್ವಕಪ್‌ಗಳಲ್ಲಿ ರೆಫರಿ ಆಗಿ, 111 ಟೆಸ್ಟ್ ನಡೆಸಿ, ಕೊನೆಯ ಪಂದ್ಯವಾಗಿ ಅವರಿಗೆ ಫೈನಲ್ ಸಿಕ್ಕಿತು.

ಒಂದೇ ದೇಶದ ನಾಲ್ವರು ಇರುವುದರಲ್ಲಿ ಒಂದು ಲಾಭ ಇದೆ. ಬಾರ್ನ್ಸ್, ಕಾರ್ಲ್ ಡಿಕ್ಸನ್, ಮ್ಯಾಥ್ಯೂ ಕಾರ್ಲಿ, ಫೋಲಿ, ಎಲ್ಲರೂ ಇಂಗ್ಲೆಂಡಿನ ಲೀಗ್‌ನಲ್ಲಿ ವರ್ಷಗಳಿಂದ ಒಟ್ಟಿಗೆ ಕೆಲಸ ಮಾಡಿದವರು. ಕಿವಿಯಲ್ಲಿ ಬರುವ ಅರ್ಧ ಮಾತಿಗೇ ಪೂರ್ತಿ ಅರ್ಥ ಆಗಿಬಿಡುತ್ತದೆ. ಆದರೆ ನನಗೆ ಒಂದು ಅನುಮಾನ ಉಂಟು. ಅಷ್ಟು ಹೊಂದಿಕೊಂಡವರ ನಡುವೆ ಯಾರಾದರೂ ಒಬ್ಬರು ತಡೆದು, ಇದು ನಮ್ಮ ಮಿತಿಯೊಳಗೆ ಇದೆಯಾ ಅಂತ ಕೇಳುವುದು ಕಷ್ಟ ಆಗುತ್ತದಾ? ಸ್ಮಿತ್ ಟ್ರೈ ಹೊತ್ತಿಗೆ ಆ ಒಂದು ಪ್ರಶ್ನೆ ಬೇಕಿತ್ತು. ಸುತ್ತು ಎಣಿಸಿದ್ದೀರಾ ಅಂತ. ನಾಲ್ವರಲ್ಲಿ ಒಬ್ಬರು ಕೇಳಿದ್ದರೂ ಸಾಕಿತ್ತು.

ಪ್ರಶ್ನೆ: ನಾನು ರಗ್ಬಿ ನೋಡಿದ್ದೇ ಅದು ಮೊದಲ ಸಲ. ರೆಫರಿ ಪಂದ್ಯ ಪೂರ್ತಿ ಆಟಗಾರರ ಜೊತೆ ಮಾತಾಡುತ್ತಲೇ ಇದ್ದರು. ಬೇರೆ ಯಾವ ಆಟದಲ್ಲೂ ಹೀಗೆ ಕಂಡಿಲ್ಲ. ಅವರು ಆಟಗಾರರಿಗೆ ಹೇಳಿಕೊಟ್ಟ ಹಾಗೆ ಆಗುವುದಿಲ್ಲವಾ?

ಎಂಥ ಒಳ್ಳೇ ಪ್ರಶ್ನೆ. ಈ ಆಟದ ಬಗ್ಗೆ ನನಗೆ ಅತಿ ಇಷ್ಟವಾದದ್ದೇ ಇದು.

ರಗ್ಬಿಯಲ್ಲಿ ರೆಫರಿ ಶಿಕ್ಷೆ ಕೊಡಲು ಮಾತ್ರ ಇರುವುದಿಲ್ಲ, ತಪ್ಪು ಆಗದ ಹಾಗೆ ನೋಡಿಕೊಳ್ಳುವುದೂ ಅವರ ಕೆಲಸ. ಸ್ಕ್ರಮ್‌ನಲ್ಲಿ ಎಂಟೆಂಟು ಜನ ತಲೆ ಕೊಟ್ಟು ತಳ್ಳುವ ಮೊದಲು ರೆಫರಿ ಮೂರು ಹಂತದಲ್ಲಿ ಕೂಗುತ್ತಾರೆ. ಕ್ರೌಚ್, ಬೈಂಡ್, ಸೆಟ್. ಬಗ್ಗಿ, ಹಿಡಿಯಿರಿ, ಸೇರಿ ಅಂತ. ಆ ಕೂಗು ಇಲ್ಲದೆ ಒಂದು ಕಡೆಯವರು ಮೊದಲೇ ನುಗ್ಗಿದರೆ ಕುತ್ತಿಗೆಗೆ ಅಪಾಯ. ನೆಲಕ್ಕೆ ಬಿದ್ದ ಚೆಂಡಿನ ಸುತ್ತ ಜನ ಮುತ್ತಿಕೊಂಡಾಗ ಕೈ ತೆಗೆಯಿರಿ, ಚೆಂಡು ಬಿಡಿ, ಆ ಕಡೆ ಸರಿಯಿರಿ ಅನ್ನುತ್ತಲೇ ಇರುತ್ತಾರೆ. ಕೇಳಿದವರಿಗೆ ಏನೂ ಇಲ್ಲ. ಹೇಳಿದ ಮೇಲೂ ಮಾಡಿದರೆ ಪೆನಾಲ್ಟಿ. ಅಲ್ಲಿ ಅಪ್ಪಂದಿರೋ ಮೇಷ್ಟ್ರೋ ಮಕ್ಕಳಿಗೆ ಎಚ್ಚರಿಕೆ ಹೇಳಿದ ಹಾಗೆ ಇರುತ್ತದೆ. ಎದುರು ಮಾತಾಡುವ ಹಕ್ಕು ಕ್ಯಾಪ್ಟನ್‌ಗೆ ಮಾತ್ರ, ಅದೂ ಮರ್ಯಾದೆಯಿಂದ. ಕೇನ್ ಹೋದ ಮೇಲೆ ನ್ಯೂಜಿಲೆಂಡ್ ಪರವಾಗಿ ಸವೇಯಾ ಹೋಗಿ ಕೇಳುತ್ತಿದ್ದರು, ಬಾರ್ನ್ಸ್ ನಿಂತು ಉತ್ತರ ಕೊಡುತ್ತಿದ್ದರು. ಅಷ್ಟು ಬಿಸಿಯ ಪಂದ್ಯದಲ್ಲೂ.

ಮಾತಿನ ರೀತಿಯಿಂದಲೇ ತೀರ್ಪು ಬದಲಾಗುತ್ತದೆ ಅಂದರೆ ನಂಬುತ್ತೀರಾ? ಹಿಂದೆ ರೆಫರಿಗಳು ಟಿಎಂಓಗೆ ಎರಡು ತರ ಕೇಳುತ್ತಿದ್ದರು. ಇದು ಟ್ರೈ ಹೌದೋ ಅಲ್ಲವೋ ಅಂತ ಒಂದು. ನಾನು ಟ್ರೈ ಕೊಡದಿರಲು ಏನಾದರೂ ಕಾರಣ ಇದೆಯಾ ಅಂತ ಇನ್ನೊಂದು. ಮೊದಲನೆಯದರಲ್ಲಿ ಚೆಂಡು ನೆಲಕ್ಕೆ ಮುಟ್ಟಿದ್ದು ಕಾಣಬೇಕು, ಇಲ್ಲದಿದ್ದರೆ ಟ್ರೈ ಇಲ್ಲ. ಎರಡನೆಯದರಲ್ಲಿ ಮುಟ್ಟಲಿಲ್ಲ ಅನ್ನುವುದು ಕಾಣಬೇಕು, ಇಲ್ಲದಿದ್ದರೆ ಟ್ರೈ. ಹತ್ತು ಜನರ ಅಡಿಯಲ್ಲಿ ಚೆಂಡು ಸಿಕ್ಕಿಕೊಂಡು ಕ್ಯಾಮೆರಾಗೆ ಏನೂ ಕಾಣದಿದ್ದಾಗ, ರೆಫರಿ ಹೇಗೆ ಕೇಳಿದರು ಅನ್ನುವುದರ ಮೇಲೆ ಐದು ಅಂಕ ನಿಂತಿರುತ್ತಿತ್ತು. ಆಮೇಲೆ ಮೈದಾನದ ತೀರ್ಪು ಏನು ಅಂತ ಮೊದಲು ಹೇಳಿ, ಅದನ್ನು ಬದಲಿಸುವಷ್ಟು ಸ್ಪಷ್ಟ ಕಾರಣ ಇದ್ದರೆ ಮಾತ್ರ ಬದಲಿಸುವ ಕ್ರಮ ಬಂತು. ನಮ್ಮ ಕ್ರಿಕೆಟ್‌ನವರೂ ಸ್ವಲ್ಪ ದಿನ ಸಾಫ್ಟ್ ಸಿಗ್ನಲ್ ಅಂತ ಇಟ್ಟುಕೊಂಡು, ಕೊನೆಗೆ ತೆಗೆದುಹಾಕಿದರು, ನೆನಪಿರಬಹುದು.

ಪ್ರಶ್ನೆ: ಕೋಲ್ಬೆಗೆ ಯೆಲ್ಲೋ ಕೊಟ್ಟಿದ್ದು ಜಾಸ್ತಿ ಆಯಿತಲ್ಲವಾ? ಚೆಂಡು ಹಿಡಿಯಲು ಕೈ ಚಾಚಿದರು ಅಷ್ಟೇ.

ಜಾಸ್ತಿ ಆಗಲಿಲ್ಲ. ಒಂದು ಕೈ ಚಾಚಿ ಎದುರಾಳಿ ಪಾಸ್ ಕೆಡಿಸಿದರೆ, ಚೆಂಡು ಹಿಡಿಯುವ ಸಾಧ್ಯತೆ ಇರಲಿಲ್ಲ ಅಂತ ರೆಫರಿಗೆ ಅನಿಸಿದರೆ, ಅದು ಬೇಕೆಂದೇ ಮಾಡಿದ ನಾಕ್-ಆನ್. ಪಂದ್ಯ ಮುಗಿಯಲು ಏಳು ನಿಮಿಷ ಇದ್ದಾಗ, ಒಂದೇ ಅಂಕದ ಅಂತರ ಇದ್ದಾಗ ಮುಂದಿದ್ದ ತಂಡಕ್ಕೆ ಆ ಕಾರ್ಡ್ ತೋರಿಸಲು ಗಟ್ಟಿ ಎದೆ ಬೇಕು. ಬಾರ್ನ್ಸ್ ಒಂದು ತಂಡದ ಕಡೆ ವಾಲಿದ್ದರು ಅನ್ನುವವರು ಈ ಕಾರ್ಡ್ ಮರೆತುಬಿಡುತ್ತಾರೆ. ಕೋಲ್ಬೆ ಉಳಿದ ಹೊತ್ತು ಜೆರ್ಸಿಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು, ಆಟ ನೋಡಲು ಆಗಲಿಲ್ಲ ಅವರಿಗೆ.

ಪ್ರಶ್ನೆ: ತಲೆಗೆ ತಗುಲಿದರೆ ಸಾಕು ಕಾರ್ಡ್. ಇಷ್ಟು ಕಟ್ಟುನಿಟ್ಟು ಆದರೆ ಆಟದ ಮಜಾ ಏನು ಉಳಿಯಿತು? ಫೈನಲ್‌ನಲ್ಲಾದರೂ ಸ್ವಲ್ಪ ಬಿಡಬಹುದಿತ್ತು.

ಸ್ಟೀವ್ ಥಾಮ್ಸನ್ ಅಂತ ಒಬ್ಬ ಆಟಗಾರ ಇದ್ದಾರೆ. 2003ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಹುಕರ್, ಅಂದರೆ ಸ್ಕ್ರಮ್‌ನ ಮುಂದಿನ ಸಾಲಿನ ನಡುವೆ ನಿಲ್ಲುವವರು. ನಲವತ್ತರ ಆಸುಪಾಸಿನಲ್ಲೇ ಅವರಿಗೆ ಮರೆವಿನ ಕಾಯಿಲೆ ಶುರುವಾಯಿತು. ಆ ಫೈನಲ್ ಗೆದ್ದದ್ದು ಅವರಿಗೆ ನೆನಪೇ ಇಲ್ಲ. ಕಪ್ ಗೆದ್ದ ಮನುಷ್ಯನಿಗೇ ಗೆದ್ದದ್ದು ನೆನಪಿಲ್ಲ. ಹೀಗಾದ ಎಷ್ಟೋ ಮಾಜಿ ಆಟಗಾರರು ಆಟದ ಸಂಸ್ಥೆಗಳ ಮೇಲೆ ಕೋರ್ಟಿಗೆ ಹೋಗಿದ್ದಾರೆ. ಫೈನಲ್‌ನಲ್ಲಿ ಬಿದ್ದ ಪೆಟ್ಟು ಅಂತ ಮೆದುಳು ರಿಯಾಯ್ತಿ ಕೊಡುವುದಿಲ್ಲವಲ್ಲ. ಈ ವಿಷಯದಲ್ಲಿ ನಾನು ಒಂದಿಂಚೂ ಸಡಿಲ ಬಿಡಲಾರೆ.

ಆದರೆ ಒಬ್ಬರ ತಪ್ಪಿಗೆ ಉಳಿದ 14 ಜನ ಒಂದು ಗಂಟೆ ಅನುಭವಿಸಬೇಕಾ ಅನ್ನುವುದು ನ್ಯಾಯವಾದ ಪ್ರಶ್ನೆ. ಇದಕ್ಕಾಗಿ 20 ನಿಮಿಷದ ರೆಡ್ ಕಾರ್ಡ್ ಪ್ರಯೋಗಕ್ಕೆ ಬಂದಿದೆ. ತಪ್ಪು ಮಾಡಿದವರು ಮತ್ತೆ ಬರುವ ಹಾಗಿಲ್ಲ, ಆದರೆ 20 ನಿಮಿಷ ಆದ ಮೇಲೆ ಅವರ ಜಾಗಕ್ಕೆ ಇನ್ನೊಬ್ಬರನ್ನು ಇಳಿಸಬಹುದು. ನನಗೆ ಇದು ಸರಿ ಕಾಣುತ್ತದೆ.

ಪ್ರಶ್ನೆ: ಟಿವಿಯಲ್ಲಿ ನೋಡುವವರಿಗೆ ರೆಫರಿ ಮಾತು ಕೇಳುತ್ತದೆ. ದುಡ್ಡು ಕೊಟ್ಟು ಮೈದಾನಕ್ಕೆ ಹೋದವರಿಗೆ?

ಅವರಿಗೆ ಬಹಳ ವರ್ಷ ಸಿಕ್ಕಿದ್ದು ಕಿವಿಗೆ ಹಾಕಿಕೊಳ್ಳುವ ಸಣ್ಣ ರೇಡಿಯೋ, ಅದೂ ಎಲ್ಲ ಕಡೆ ಅಲ್ಲ. ಉಳಿದವರು ರೆಫರಿಯ ಕೈಸನ್ನೆ ನೋಡಿ ಊಹೆ ಮಾಡಬೇಕು. ಸಾವಿರಾರು ಜನ ಏನಾಯಿತು ಅಂತ ಗೊತ್ತಿಲ್ಲದೆ ಬೂ ಅಂತ ಕೂಗುವುದು, ಆ ಕೂಗು ರೆಫರಿಯ ತಲೆ ಮೇಲೆ ಬೀಳುವುದು. ಫುಟ್‌ಬಾಲ್‌ನವರು 2023ರ ಮಹಿಳಾ ವಿಶ್ವಕಪ್‌ನಲ್ಲಿ ವಿಎಆರ್ (ಅವರ ಟಿವಿ ಮರುದೃಶ್ಯ ಪದ್ಧತಿ) ನೋಡಿದ ಮೇಲೆ ರೆಫರಿ ಮೈಕಿನಲ್ಲಿ ಇಡೀ ಮೈದಾನಕ್ಕೆ ತೀರ್ಪು ಹೇಳುವ ಕ್ರಮ ತಂದರು. ಅಮೆರಿಕದ ಫುಟ್‌ಬಾಲ್‌ನಲ್ಲಿ ಅದು ತುಂಬಾ ಹಳೇ ಪದ್ಧತಿ. ರಗ್ಬಿಯಲ್ಲೂ 2025ರ ಸಿಕ್ಸ್ ನೇಷನ್ಸ್‌ನಲ್ಲಿ (ಯುರೋಪಿನ ಆರು ದೇಶಗಳ ಟೂರ್ನಿ) ಟಿಎಂಓ ತೀರ್ಪನ್ನು ರೆಫರಿಯೇ ಮೈದಾನದ ಸ್ಪೀಕರ್‌ನಲ್ಲಿ ಹೇಳತೊಡಗಿದರು. ಆಟದ ನಡುವೆ ರೆಫರಿ ಆಡುವ ಮಾತನ್ನು ಟಿವಿಯವರಿಗೆಲ್ಲ ಕೇಳಿಸುವ ಆಟ, ಇದೊಂದರಲ್ಲಿ ಹಿಂದೆ ಉಳಿಯಿತಲ್ಲ ಅಂತ ನನಗೆ ಬೇಜಾರು. ಈಗಲಾದರೂ ಬಂತು.

ಪ್ರಶ್ನೆ: ಇಷ್ಟು ದೊಡ್ಡ ಸಂಬಳ ತೆಗೆದುಕೊಳ್ಳುವವರು, ಬೈಸಿಕೊಳ್ಳುವುದೂ ಅವರ ಕೆಲಸದ ಭಾಗವೇ ಅಲ್ಲವೇ? ಅದಕ್ಕೆಲ್ಲ ಕಣ್ಣೀರು ಹಾಕಬೇಕಾ?

ಅಲ್ಲ. ಬೈಸಿಕೊಳ್ಳುವುದು ಯಾರ ಕೆಲಸದ ಭಾಗವೂ ಅಲ್ಲ.

ಫೈನಲ್ ಮುಗಿದು ಕೆಲವೇ ದಿನಕ್ಕೆ ಬಾರ್ನ್ಸ್ ನಿವೃತ್ತಿ ಹೇಳಿದರು. ಅವರಿಗೆ, ಅವರ ಮನೆಯವರಿಗೆ ಬೆದರಿಕೆಗಳು ಬಂದವು. ಅದೇ ಡಿಸೆಂಬರ್‌ನಲ್ಲಿ ಟಾಮ್ ಫೋಲಿ ಅಂತರರಾಷ್ಟ್ರೀಯ ಪಂದ್ಯಗಳಿಂದ ಹಿಂದೆ ಸರಿದರು, ತಮಗೂ ಮನೆಯವರಿಗೂ ಬರುತ್ತಿದ್ದ ಬೈಗುಳ ಬೆದರಿಕೆಗಳೇ ಕಾರಣ ಅಂತ ಹೇಳಿ. ಸ್ಮಿತ್ ಟ್ರೈ ವಿಷಯದಲ್ಲಿ ಫೋಲಿ ಮಿತಿ ದಾಟಿದರು ಅಂತ ನಾನೇ ಮೇಲೆ ಬರೆದಿದ್ದೇನೆ. ಅದಕ್ಕೆ ಅವರ ಮನೆಯವರು ಹೆದರಿಕೊಂಡು ಬದುಕಬೇಕಾ?

ಇದರಲ್ಲಿ ತಂಡಗಳ ಪಾಲೂ ಇದೆ. 2021ರಲ್ಲಿ ಬ್ರಿಟಿಷ್ ಅಂಡ್ ಐರಿಷ್ ಲಯನ್ಸ್ (ಬ್ರಿಟನ್, ಐರ್ಲೆಂಡ್ ಆಟಗಾರರ ಜಂಟಿ ತಂಡ) ಎದುರು ಮೊದಲ ಟೆಸ್ಟ್ ಸೋತ ಮೇಲೆ ದಕ್ಷಿಣ ಆಫ್ರಿಕಾದ ರಗ್ಬಿ ನಿರ್ದೇಶಕ ರಾಸ್ಸಿ ಎರಾಸ್ಮಸ್ ರೆಫರಿ ನಿಕ್ ಬೆರ್ರಿ ಅವರ ತಪ್ಪುಗಳನ್ನು ಎತ್ತಿ ಹಿಡಿದು ಒಂದು ಗಂಟೆಗೂ ಮೀರಿದ ವಿಡಿಯೋ ಮಾಡಿದರು, ಅದು ಜಗತ್ತಿಗೆಲ್ಲ ಹರಡಿತು, ಅವರಿಗೆ ನಿಷೇಧ ಬಿತ್ತು. 2022ರ ನವೆಂಬರ್‌ನಲ್ಲಿ ಮತ್ತೆ ರೆಫರಿ ತೀರ್ಪುಗಳ ಬಗ್ಗೆ ಸೋಷಿಯಲ್ ಮೀಡಿಯಾದಲ್ಲಿ ಹಾಕಿ ಎರಡು ಪಂದ್ಯ ಹೊರಗಿರಬೇಕಾಯಿತು. ಆ ಸಲ ಫ್ರಾನ್ಸ್ ಎದುರಿನ ಪಂದ್ಯಕ್ಕೆ ರೆಫರಿ ಆಗಿದ್ದವರು ಬಾರ್ನ್ಸ್. ಒಂದು ವರ್ಷ ತುಂಬುವ ಮೊದಲೇ ಅದೇ ಬಾರ್ನ್ಸ್ ಅದೇ ತಂಡದ ಫೈನಲ್‌ಗೆ ಸೀಟಿ ಹಿಡಿದು ನಿಂತರು. ಎರಾಸ್ಮಸ್ ಎತ್ತಿದ ಕೆಲವು ಅಂಶ ಸರಿಯೂ ಇದ್ದವು, ಇಲ್ಲ ಅನ್ನುವುದಿಲ್ಲ. ಆದರೆ ದೊಡ್ಡವರು ರೆಫರಿಯ ಹೆಸರು ಬೀದಿಗೆ ತಂದರೆ ಅವರ ಹಿಂದಿರುವ ಲಕ್ಷಾಂತರ ಜನ ಆ ಹೆಸರನ್ನು ಏನು ಮಾಡುತ್ತಾರೆ ಅನ್ನುವುದು ಅವರ ಕೈ ಮೀರಿದ್ದು.

ಪ್ರಶ್ನೆ: ಸರ್, ನಾನು ಕಾಲೇಜು ಪಂದ್ಯಗಳಿಗೆ ಈಗಷ್ಟೇ ರೆಫರಿ ಆಗಲು ಶುರು ಮಾಡಿದ್ದೇನೆ. ಟಿಎಂಓ, ಬಂಕರ್, ಮೈಕ್ ಒಂದೂ ಇಲ್ಲ. ಆ ಫೈನಲ್‌ನಿಂದ ನಾನು ಕಲಿಯುವಂಥದ್ದು ಏನಾದರೂ ಇದೆಯಾ?

ಇದೆಯಪ್ಪ. ನಾನೂ ಕೆಲವು ವರ್ಷ ಸಣ್ಣ ಪಂದ್ಯಗಳಿಗೆ ಸೀಟಿ ಊದಿದವನು. ಒಮ್ಮೆ ಒಂದು ಟ್ರೈ ಕೊಡಲಿಲ್ಲ, ಪಾಸ್ ಮುಂದಕ್ಕೆ ಹೋಗಿತ್ತು. ನನಗೆ ಖಚಿತವಿತ್ತು, ಅದಕ್ಕೇ ಏನೂ ಹೇಳದೆ ಸೀಟಿ ಊದಿ ಸ್ಕ್ರಮ್‌ಗೆ ಕೈ ತೋರಿಸಿ ನಡೆದೆ. ಆ ತಂಡದ ಕ್ಯಾಪ್ಟನ್ ಪಂದ್ಯ ಮುಗಿಯುವವರೆಗೂ ನನ್ನ ಹಿಂದೆ ಬಂದು ಯಾಕೆ ಅಂತ ಕೇಳುತ್ತಲೇ ಇದ್ದ, ನಾನು ಹೇಳಲಿಲ್ಲ. ಆಮೇಲೆ ಗೊತ್ತಾಯಿತು, ಟ್ಯಾಕಲ್ ಆದ ಮೇಲೆ ಅವರ ಹುಡುಗ ಚೆಂಡು ಬಿಡಲಿಲ್ಲ ಅಂತ ನಾನು ರದ್ದು ಮಾಡಿದೆ ಅಂದುಕೊಂಡಿದ್ದರು ಅವರೆಲ್ಲ. ನಾನು ನೋಡಿದ್ದೇ ಬೇರೆ, ಅವರು ಜಗಳ ಮಾಡಿದ್ದೇ ಬೇರೆ ವಿಷಯಕ್ಕೆ. ಮೂರು ಪದ ಸಾಕಾಗಿತ್ತು.

ಹಾಗಾಗಿ ಪಂದ್ಯಕ್ಕೆ ಮೊದಲು ಇಬ್ಬರು ಕ್ಯಾಪ್ಟನ್‌ಗಳನ್ನೂ ಕರೆದು, ಆಟ ನಿಂತಾಗ ನೀವು ಬಂದು ಕೇಳಿ, ನಾನು ಹೇಳುತ್ತೇನೆ, ಬೇರೆಯವರು ಬರುವುದು ಬೇಡ ಅಂತ ಹೇಳಿಬಿಡು. ಸೀಟಿ ಊದಿದ ತಕ್ಷಣ ಯಾರ ತಪ್ಪು, ಏನು ತಪ್ಪು ಅಂತ ಚಿಕ್ಕದಾಗಿ ಜೋರಾಗಿ ಹೇಳು. ಕಾರ್ಡ್ ತೋರಿಸುವಾಗ ಆ ಹುಡುಗನ ಜೊತೆ ಕ್ಯಾಪ್ಟನ್ ಕೂಡ ಪಕ್ಕದಲ್ಲಿರಲಿ, ಇಬ್ಬರಿಗೂ ಒಟ್ಟಿಗೆ ಕಾರಣ ಹೇಳು. ನೋಡದೇ ಇದ್ದದ್ದನ್ನು ನೋಡಲಿಲ್ಲ ಅಂತ ಒಪ್ಪಿಕೋ. ನಿನ್ನ ಸಹಾಯಕ ರೆಫರಿಗಳ ಜೊತೆ ಕೂತು ಯಾವುದಕ್ಕೆ ಅವರು ಬಾವುಟ ಎತ್ತಬೇಕು, ಯಾವುದಕ್ಕೆ ಬೇಡ ಅಂತ ಮೊದಲೇ ಮಾತಾಡಿಕೋ. ಸ್ಕ್ರಮ್ ಕೂಗನ್ನು ಮಾತ್ರ ಮನೆಯಲ್ಲೂ ಅಭ್ಯಾಸ ಮಾಡು. ಮೂರೂ ಪದದ ನಡುವೆ ಒಂದೇ ಅಳತೆಯ ಬಿಡುವು ಇರಲಿ, ಎರಡೂ ಕಡೆಯ ಹುಡುಗರು ನಿನ್ನ ದನಿಯನ್ನೇ ನಂಬಿ ತಲೆ ಕೊಡುತ್ತಾರೆ.